ಫ್ಯೂಸ್ ಕೀಳುವ ಮೊದಲು: ಒಬ್ಬ ಬರಹಗಾರರಿಗೆ ಉತ್ತರ

ನಮಸ್ಕಾರ.

ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾವನ್ನು ಔಷಧದಿಂದ ನಿಲ್ಲಿಸಿದರೆ, ಫ್ಯೂಸ್ ಕಿತ್ತ ಹಾಗೆ, ಕ್ಯಾನ್ಸರ್ ಕೋಶ ಸಾಯುತ್ತದೆ ಎನ್ನುವ ನಿಮ್ಮ ‘ಕ್ಯಾನ್ಸರ್ ಕೋಶದ ಫ್ಯೂಸ್ ಕಿತ್ತರೆ’ ಲೇಖನ ಓದಿದೆ. ಮೈಟೊಕಾಂಡ್ರಿಯಾ ಎಟಿಪಿಯನ್ನು, ಅಂದರೆ ಕೋಶದ ಇಂಧನವನ್ನು, ತಯಾರಿಸುವ ಬಗೆಯನ್ನು ತಿಳಿಯಾಗಿ ಬರೆದಿದ್ದೀರಿ, ಭಾಷೆಯೂ ಚೆನ್ನಾಗಿದೆ. ಆದರೆ ಈಗಿರುವ ಹಾಗೆ ಪ್ರಕಟಿಸಲಾರೆ. ಎರಡು ಕಡೆ ನನಗೆ ಸಿಟ್ಟೇ ಬಂತು.

ಎರಡನೇ ಪ್ಯಾರಾದಲ್ಲಿ, “ಕ್ಯಾನ್ಸರ್ ಕೋಶಗಳ ಮೈಟೊಕಾಂಡ್ರಿಯಾ ಕೆಟ್ಟಿರುತ್ತದೆ ಎಂದು ವಾರ್ಬರ್ಗ್ ಸಾಬೀತು ಮಾಡಿದರು” ಎನ್ನುತ್ತೀರಿ. ಮೂರನೇ ಪ್ಯಾರಾದಲ್ಲಿ, “ಅದನ್ನು ನಿಲ್ಲಿಸಿದರೆ ಕೋಶ ಸಾಯುತ್ತದೆ.” ಮೊದಲೇ ಕೆಟ್ಟಿದ್ದರೆ ನಿಲ್ಲಿಸುವುದಕ್ಕೆ ಏನು ಉಳಿದಿದೆ? ಎರಡೂ ಒಟ್ಟಿಗೆ ನಿಜವಾಗುವುದಿಲ್ಲ, ಅಲ್ವಾ? 1920ರ ದಶಕದಲ್ಲಿ ಜರ್ಮನ್ ವಿಜ್ಞಾನಿ ಓಟ್ಟೊ ವಾರ್ಬರ್ಗ್ ಕಂಡದ್ದು ಬೇರೆ: ಆಮ್ಲಜನಕ ಇದ್ದಾಗಲೂ ಗಡ್ಡೆಯ ಕೋಶಗಳು ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟೇಟ್ ಮಾಡುತ್ತವೆ. ಅದು ಇವತ್ತಿಗೂ ಸರಿ. ಕೋಶದ ಉಸಿರಾಟ (ಮೈಟೊಕಾಂಡ್ರಿಯಾ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಕೆಲಸ) ಕೆಟ್ಟದ್ದೇ ಕ್ಯಾನ್ಸರಿನ ಮೂಲ ಎಂದು 1956ರಲ್ಲಿ ಬರೆದದ್ದು ಅವರ ವಾದ. ಅದು ನಿಲ್ಲಲಿಲ್ಲ. ಹೆಚ್ಚಿನ ಕ್ಯಾನ್ಸರ್ ಕೋಶಗಳಲ್ಲಿ ಮೈಟೊಕಾಂಡ್ರಿಯಾ ದುಡಿಯುತ್ತಲೇ ಇರುತ್ತದೆ. ಎಟಿಪಿ ಅಷ್ಟೇ ಅಲ್ಲ, ಡಿಎನ್‌ಎ ಕಟ್ಟಲು ಬೇಕಾದ ಆಸ್ಪಾರ್ಟೇಟ್ ತಯಾರಾಗುವುದಕ್ಕೂ ಅದು ಬೇಕು. ಅದಕ್ಕೇ ಅದರ ಮೇಲೆ ಔಷಧ ಹೂಡುವ ಯೋಚನೆ ಹುಟ್ಟಿದ್ದು. ನಿಮ್ಮ ಲೇಖನದ ಜೀವ ಇರುವುದೇ ಇಲ್ಲಿ. ಅದನ್ನೇ ಬಿಟ್ಟಿದ್ದೀರಿ.

ಇನ್ನು ನಾಲ್ಕನೇ ಪ್ಯಾರಾ. “ಈ ಔಷಧಗಳು ಆರೋಗ್ಯವಂತ ಕೋಶಗಳನ್ನು ಮುಟ್ಟದೆ ಕ್ಯಾನ್ಸರನ್ನು ಕೊಲ್ಲುತ್ತವೆ.” ಎಲ್ಲಿ? ಗಾಜಿನ ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ?

ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಕಲಿಯುವಾಗ ಹಿರಿಯ ಉಪಸಂಪಾದಕರೊಬ್ಬರು ಇದ್ದರು. ಔಷಧದ ಸುದ್ದಿ ಬಂದರೆ ಪ್ರತಿ ಸಾಲಿನ ಪಕ್ಕ ಕೆಂಪು ಪೆನ್ನಿನಲ್ಲಿ “ಯಾರಲ್ಲಿ? ಎಷ್ಟು ಜನರಲ್ಲಿ?” ಎಂದು ಬರೆಯುತ್ತಿದ್ದರು. ಉತ್ತರ ಸಿಗದಿದ್ದರೆ ಸಾಲು ಹೋಗುತ್ತಿತ್ತು. ಒಂದು ಮಧ್ಯಾಹ್ನ ಹಳ್ಳಿಯಿಂದ ಒಬ್ಬರು ಬೇರೆ ಪತ್ರಿಕೆಯ ಕಟಿಂಗ್ ಹಿಡಿದು ಬಂದರು. ಹೆಂಡತಿಗೆ ಹೊಟ್ಟೆಯ ಕ್ಯಾನ್ಸರ್. “ಈ ಮಾತ್ರೆ ಎಲ್ಲಿ ಸಿಗುತ್ತೆ ಸಾರ್?” ಅದು ಇಲಿಗಳ ಮೇಲಿನ ಪ್ರಯೋಗ. ಹಿರಿಯರು ಅವರನ್ನು ಕೂರಿಸಿ, ಚಹಾ ತರಿಸಿ, ಅದನ್ನು ಬಿಡಿಸಿ ಹೇಳಲು ಬಹಳ ಹೊತ್ತು ತೆಗೆದುಕೊಂಡರು. ಆಮೇಲೆ ಆ ಕೆಂಪು ಪೆನ್ನಿನ ಮೇಲೆ ನನಗೆ ಯಾವತ್ತೂ ಬೇಸರವಾಗಲಿಲ್ಲ.

ನೀವು ಹೊಗಳಿದ ಐಎಸಿಎಸ್-010759 ಅನ್ನೇ ನೋಡಿ. ಮೈಟೊಕಾಂಡ್ರಿಯಾದ ಉಸಿರಾಟದ ಸರಣಿಯ ಮೊದಲ ಕಿಣ್ವವಾದ ಕಾಂಪ್ಲೆಕ್ಸ್ 1 ಅನ್ನು ಬಲವಾಗಿ ತಡೆಯುವ ಔಷಧ. ರೋಗಿಗಳಲ್ಲಿ ಏನಾಯಿತು ಎಂಬುದು 2023ರಲ್ಲಿ ಪ್ರಕಟವಾಗಿದೆ: ರಕ್ತದಲ್ಲಿ ಲ್ಯಾಕ್ಟೇಟ್ ಏರಿತು, ನರಗಳಿಗೆ ಹಾನಿಯಾಯಿತು, ಕ್ಯಾನ್ಸರ್ ಮೇಲೆ ಪರಿಣಾಮ ಅಲ್ಪ. ಪ್ರಯೋಗ ನಿಂತಿತು. ನಿಮ್ಮ ಫ್ಯೂಸ್ ಹೋಲಿಕೆಯ ತೊಂದರೆಯೇ ಇದು. ಹೃದಯ, ಮಿದುಳು, ನರ ಎಲ್ಲವೂ ಅದೇ ಲೈನಿನಲ್ಲಿವೆ.

ಮೈಟೊಕಾಂಡ್ರಿಯಾದ ಕಿಣ್ವಗಳನ್ನು ತಡೆಯುವ ಇನ್ನೊಂದು ಔಷಧ ಡೆವಿಮಿಸ್ಟಾಟ್ ಬಗ್ಗೆ “ಭರವಸೆ ಮೂಡಿಸಿದೆ” ಎಂದು ಬರೆದು ನಿಲ್ಲಿಸಿದ್ದೀರಿ. ಹರಡಿದ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ 528 ಜನರ ಪ್ರಯೋಗದಲ್ಲಿ ಅದು ಆಯುಷ್ಯ ಹೆಚ್ಚಿಸಲಿಲ್ಲ. 2021ರಲ್ಲೇ ತಿಳಿದ ವಿಷಯ. ಕಾಂಪ್ಲೆಕ್ಸ್ 1 ಅನ್ನೇ ಸ್ವಲ್ಪ ತಡೆಯುವ, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಕೂಡ ಹಾಗೇ. 3,600ಕ್ಕೂ ಹೆಚ್ಚು ಸ್ತನ ಕ್ಯಾನ್ಸರ್ ರೋಗಿಗಳ ಪ್ರಯೋಗದಲ್ಲಿ ಮುಖ್ಯ ಪ್ರಶ್ನೆಗೆ ಸಿಕ್ಕ ಉತ್ತರ: ಪ್ರಯೋಜನ ಕಾಣಲಿಲ್ಲ. ನಮ್ಮ ಓದುಗರ ಎಷ್ಟೋ ಮನೆಗಳಲ್ಲಿ ಈ ಮಾತ್ರೆ ಇದೆ. “ಕ್ಯಾನ್ಸರ್ ತಡೆಯುವ ಅಗ್ಗದ ದಾರಿ” ಎಂಬ ನಿಮ್ಮ ಸಾಲು ಅಲ್ಲಿ ಏನು ಮಾಡಬಹುದು, ಯೋಚಿಸಿ.

ಸೋಲುಗಳನ್ನು ಬರೆದರೆ ಲೇಖನ ಸಪ್ಪೆಯಾಗುತ್ತದೆ ಎಂಬ ಹೆದರಿಕೆ ಬೇಡ. ಗೆದ್ದದ್ದು ಯಾಕೆ ಗೆದ್ದಿತು ಎಂಬುದು ಆಗಲೇ ಅರ್ಥವಾಗುತ್ತದೆ. ಎನಾಸಿಡೆನಿಬ್‌ಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಕೋಶದ ಇಂಧನ ನಿಲ್ಲಿಸುವುದಿಲ್ಲ. ಒಂದು ಬಗೆಯ ರಕ್ತ ಕ್ಯಾನ್ಸರಿನಲ್ಲಿ, ಕೆಲವು ರೋಗಿಗಳಲ್ಲಿ, ಮೈಟೊಕಾಂಡ್ರಿಯಾದ ಐಡಿಎಚ್2 ಎಂಬ ಕಿಣ್ವ ರೂಪಾಂತರಗೊಂಡಿರುತ್ತದೆ. ಅದು ರಕ್ತ ಕೋಶಗಳು ಬಲಿಯದಂತೆ ತಡೆಯುವ ರಾಸಾಯನಿಕ ತಯಾರಿಸುತ್ತದೆ. ಔಷಧ ಗುರಿಯಿಡುವುದು ಆ ಕೆಟ್ಟ ಕಿಣ್ವಕ್ಕೆ. ನಿಮ್ಮ ಲೇಖನದಲ್ಲಿ ಇದರ ಹೆಸರೇ ಇಲ್ಲ!

ಐದನೇ ಪ್ಯಾರಾದಿಂದ ಮುಂದಿನದನ್ನು ನಾನು ಮುಟ್ಟಿಲ್ಲ. ಎರಡು, ಮೂರು, ನಾಲ್ಕನ್ನು ಹೊಸದಾಗಿ ಬರೆದು ಕಳಿಸಿ. ಪ್ರತಿ ಔಷಧದ ಜೊತೆ ಯಾರಲ್ಲಿ, ಎಷ್ಟು ಜನರಲ್ಲಿ ಎಂಬುದು ಇರಲಿ. ಅದಕ್ಕೆ ಜಾಸ್ತಿ ಜಾಗ ಬೇಕಾದರೆ ಇನ್ನೊಂದು ಪುಟ ಕೊಡುತ್ತೇನೆ.