29 ವಾರಕ್ಕೇ ನೋವು ಶುರುವಾದರೆ ಎರಡು ಮೂರು ಔಷಧಿ ಸೇರಿಸಿ ಕೊಟ್ಟು ಹೆರಿಗೆ ತಡೆಯಬಹುದೇ?

ನಿಮ್ಮ ತಂಗಿಗೆ 29 ವಾರ, ಹೊಟ್ಟೆ ಮತ್ತೆ ಮತ್ತೆ ಗಟ್ಟಿಯಾಗಿ ನೋವು ಬರುತ್ತಿದೆ, ಅಡ್ಮಿಟ್ ಮಾಡಿದ್ದಾರೆ, ನಿಫೆಡಿಪಿನ್, ಮೆಗ್ನೀಸಿಯಂ ಡ್ರಿಪ್, ಐಸಾಕ್ಸುಪ್ರಿನ್ ಮೂರೂ ನಡೆಯುತ್ತಿವೆ ಎಂದು ಬರೆದಿದ್ದೀರಿ. ಒಂದಕ್ಕಿಂತ ಮೂರು ಕೊಟ್ಟರೆ ಹೆಚ್ಚು ಕೆಲಸ ಮಾಡುತ್ತವೆಯೇ, ಇಲ್ಲ ಅಪಾಯವೇ ಎಂಬುದು ನಿಮ್ಮ ಪ್ರಶ್ನೆ.

ಗರ್ಭಕೋಶದ ಬಿಗಿತ ಇಳಿಸುವ ಯಾವ ಔಷಧಿಯೂ ಹೆರಿಗೆಯನ್ನು 37 ವಾರದವರೆಗೆ ಹಿಡಿದಿಡುತ್ತದೆ ಎಂದು ನಂಬಬೇಡಿ. ಅದರಿಂದ ಸಿಗುವುದು ಹೆಚ್ಚೆಂದರೆ ಎರಡು ದಿನ, ಅಂದರೆ 48 ಗಂಟೆ. ಮಗುವಿಗೆ ಲಾಭವಾಗುವುದು ಆ ಎರಡು ದಿನದಲ್ಲಿ ಮಾಡುವ ಬೇರೆ ಕೆಲಸಗಳಿಂದ. ಆದ್ದರಿಂದ ಎಷ್ಟು ಔಷಧಿ ನಡೆಯುತ್ತಿದೆ ಎನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು, ಮಗುವಿನ ಶ್ವಾಸಕೋಶ ಬಲಿಯುವಂತೆ ತಾಯಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಶುರುವಾಯಿತೇ ಎಂದು. ಡೆಕ್ಸಾಮೆಥಾಸೋನ್ ಆದರೆ 6 ಮಿ.ಗ್ರಾಂ., 12 ಗಂಟೆಗೊಮ್ಮೆ, ನಾಲ್ಕು ಸಲ. ಬೀಟಾಮೆಥಾಸೋನ್ ಆದರೆ 12 ಮಿ.ಗ್ರಾಂ., 24 ಗಂಟೆ ಅಂತರದಲ್ಲಿ ಎರಡು ಸಲ. ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೆಳಗಾವಿಯೂ ಒಂದು ಕೇಂದ್ರವಾಗಿತ್ತು. ಡೆಕ್ಸಾಮೆಥಾಸೋನ್ ಪಡೆದ ತಾಯಂದಿರ ಗುಂಪಿನಲ್ಲಿ ನವಜಾತ ಶಿಶುಗಳ ಸಾವು ನೂರಕ್ಕೆ 23.5ರಿಂದ 19.6ಕ್ಕೆ ಇಳಿದಿತ್ತು. ಬಿಗಿತ ಇಳಿಸುವ ಔಷಧಿಗಳಲ್ಲಿ ಯಾವುದಕ್ಕೂ ಇಂಥ ದಾಖಲೆ ಇಲ್ಲ.

ಈಗ ಸೇರಿಸುವ ವಿಚಾರ. ಸೇರಿಸುವುದರ ಹಿಂದೆ ಒಂದು ತರ್ಕ ಇದೆ, ಅದು ಸುಳ್ಳಲ್ಲ. ಗರ್ಭಕೋಶದ ಸ್ನಾಯು ಬಿಗಿಯಾಗಲು ಕ್ಯಾಲ್ಸಿಯಂ ಜೀವಕೋಶದೊಳಗೆ ನುಗ್ಗಬೇಕು. ನಿಫೆಡಿಪಿನ್ ಆ ದಾರಿಯನ್ನೇ ಮುಚ್ಚುತ್ತದೆ. ಅಟೊಸಿಬಾನ್, ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಬಂದು ಕೂರುವ ಜಾಗವನ್ನು ತಾನು ಹಿಡಿದುಕೊಳ್ಳುತ್ತದೆ. ಇಂಡೊಮೆಥಾಸಿನ್ ನೋವು ಎಬ್ಬಿಸುವ ಪ್ರೊಸ್ಟಗ್ಲಾಂಡಿನ್ ತಯಾರಾಗದಂತೆ ನೋಡಿಕೊಳ್ಳುತ್ತದೆ. ಟರ್ಬುಟಲಿನ್, ಐಸಾಕ್ಸುಪ್ರಿನ್ ಇನ್ನೊಂದು ದಾರಿಯಿಂದ ಸ್ನಾಯುವನ್ನು ಸಡಿಲಿಸುತ್ತವೆ. ದಾರಿಗಳು ಬೇರೆ ಬೇರೆ ಆದ್ದರಿಂದ ಎರಡನ್ನು ಸೇರಿಸಿದರೆ ಪರಿಣಾಮ ಹೆಚ್ಚಬೇಕು, ಡೋಸ್ ಕಡಿಮೆ ಸಾಕಾಗಬೇಕು ಎಂಬುದು ಲೆಕ್ಕ. ತಾಯಂದಿರಲ್ಲಿ ಆ ಲೆಕ್ಕ ಪೂರ್ತಿ ಕೂಡಿಬಂದಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆಗೆ ಇಂಥ ಜೋಡಿಗಳಿಂದ ಸ್ಪಷ್ಟ ಲಾಭ ಕಾಣಲಿಲ್ಲ. 2022ರ ದೊಡ್ಡ ವಿಮರ್ಶೆಯ ಪ್ರಕಾರ ಜೋಡಿ ಔಷಧಿ 48 ಗಂಟೆ ತಳ್ಳಲು ನೆರವಾಗಬಹುದು, ಆದರೆ ಅಡ್ಡಪರಿಣಾಮ ತಾಳಲಾರದೆ ಔಷಧಿ ನಿಲ್ಲಿಸಬೇಕಾದವರೂ ಹೆಚ್ಚು. ಹಾಗಾಗಿ ಒಂದೇ ಔಷಧಿಯನ್ನು ಸರಿಯಾದ ಡೋಸಿನಲ್ಲಿ ಕೊಟ್ಟು ನೋಡುವುದೇ ಮೊದಲ ಹೆಜ್ಜೆ, ಅದು ಕೆಲಸ ಮಾಡದಿದ್ದರೆ ಇನ್ನೊಂದಕ್ಕೆ ಬದಲಿಸುವುದು ಎರಡನೆಯದು. ಮೇಲಿಂದ ಮೇಲೆ ಸೇರಿಸುತ್ತಾ ಹೋಗುವುದನ್ನು ನಾನು ಒಪ್ಪುವುದಿಲ್ಲ.

ನಿಮ್ಮ ತಂಗಿಯ ಚಾರ್ಟಿನಲ್ಲಿರುವ ಮೆಗ್ನೀಸಿಯಂ ಬಹುಶಃ ನೋವು ತಡೆಯಲು ಬಂದದ್ದಲ್ಲ. ಆ ಕೆಲಸಕ್ಕೆ ಅದು ಅಷ್ಟಾಗಿ ಬರುವುದೂ ಇಲ್ಲ. 32 ವಾರಕ್ಕೆ ಮೊದಲು ಹೆರಿಗೆ ಆಗಿಬಿಡುವಂತಿದ್ದರೆ ಮಗುವಿನ ಮೆದುಳಿನ ರಕ್ಷಣೆಗೆ, ಮುಂದೆ ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಪೆಟ್ಟಾಗಿ ಕೈಕಾಲು ಸ್ವಾಧೀನ ತಪ್ಪುವ ತೊಂದರೆ) ಬರುವ ಸಾಧ್ಯತೆ ತಗ್ಗಿಸಲು ಅದನ್ನು ಕೊಡುತ್ತಾರೆ: 20-30 ನಿಮಿಷದಲ್ಲಿ 4 ಗ್ರಾಂ, ಆಮೇಲೆ ಗಂಟೆಗೆ 1 ಗ್ರಾಂ, ಹೆಚ್ಚೆಂದರೆ 24 ಗಂಟೆ. ಅದರ ಜೊತೆ ನಿಫೆಡಿಪಿನ್ ನಡೆಸುವುದುಂಟು, ಆದರೆ ಕಣ್ಣಿಟ್ಟು ನಡೆಸಬೇಕು. ಎರಡೂ ಕ್ಯಾಲ್ಸಿಯಂ ಕೆಲಸಕ್ಕೆ ಅಡ್ಡ ಬರುವುದರಿಂದ ಬಿಪಿ ತೀರಾ ಇಳಿಯಬಹುದು, ಮೈಯ ಸ್ನಾಯುಗಳೇ ಸೋತುಹೋಗಬಹುದು. ಅದಕ್ಕೇ ಸಿಸ್ಟರ್ ಮೊಣಕಾಲಿಗೆ ತಟ್ಟಿ ನೋಡುವುದು, ಉಸಿರು ಎಣಿಸುವುದು, ಮೂತ್ರ ಅಳೆಯುವುದು. ಮೊಣಕಾಲಿನ ಎಗರು ಕಾಣದಿದ್ದರೆ, ಉಸಿರು ನಿಮಿಷಕ್ಕೆ 12ಕ್ಕಿಂತ ಕಡಿಮೆಯಾದರೆ, ಮೂತ್ರ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆಯಾದರೆ ಡ್ರಿಪ್ ನಿಲ್ಲಿಸಿ ಡಾಕ್ಟರನ್ನು ಕರೆಯಬೇಕು. ಮೆಗ್ನೀಸಿಯಂ ವಿಷವೇರಿದರೆ ಮದ್ದು ಕ್ಯಾಲ್ಸಿಯಂ ಗ್ಲುಕೋನೇಟ್, 10 ಪ್ರತಿಶತದ್ದು 10 ಮಿ.ಲೀ., ನಿಧಾನವಾಗಿ ರಕ್ತನಾಳಕ್ಕೆ. ಅದು ಹಾಸಿಗೆ ಪಕ್ಕದಲ್ಲೇ ಇರಬೇಕು.

ನಿಫೆಡಿಪಿನ್ ಸಾಮಾನ್ಯವಾಗಿ 20 ಮಿ.ಗ್ರಾಂ.ನಿಂದ ಶುರು, ನಂತರ ನೋವು ನೋಡಿಕೊಂಡು 10-20 ಮಿ.ಗ್ರಾಂ. ದಿನಕ್ಕೆ ಮೂರು ನಾಲ್ಕು ಸಲ. ದಿನಕ್ಕೆ ಒಟ್ಟು 60 ಮಿ.ಗ್ರಾಂ. ದಾಟಿದರೆ ತಲೆನೋವು, ಬಿಪಿ ಇಳಿತ ಜಾಸ್ತಿ. ಕ್ಯಾಪ್ಸೂಲನ್ನು ಒಡೆದು ನಾಲಿಗೆ ಕೆಳಗೆ ಹಾಕುವ ಹಳೆಯ ರೂಢಿ ಇನ್ನೂ ಅಲ್ಲಲ್ಲಿ ಉಳಿದಿದೆ. ಹಾಗೆ ಮಾಡಿದರೆ ಬಿಪಿ ಒಮ್ಮೆಲೇ ಕುಸಿದು ಮಗುವಿಗೆ ಹೋಗುವ ರಕ್ತವೇ ಕಡಿಮೆಯಾಗುತ್ತದೆ. ನೀರಿನ ಜೊತೆ ನುಂಗಬೇಕು.

ನನಗೆ ಕಳವಳ ಇರುವುದು ಮೂರನೆಯದರ ಬಗ್ಗೆ. ಐಸಾಕ್ಸುಪ್ರಿನ್ ನಮ್ಮಲ್ಲಿ ಧಾರಾಳವಾಗಿ ಬರೆಯುವ ಮಾತ್ರೆ, ವಾರಗಟ್ಟಲೆ ನಡೆಯುತ್ತದೆ. ಅದೇ ಜಾತಿಯ ಟರ್ಬುಟಲಿನ್ ವಿಚಾರದಲ್ಲಿ ಅಮೆರಿಕದ ಔಷಧಿ ನಿಯಂತ್ರಕರು 2011ರಲ್ಲೇ ಕಟ್ಟೆಚ್ಚರ ಕೊಟ್ಟರು: ಇಂಜೆಕ್ಷನ್ 48-72 ಗಂಟೆ ಮೀರಬಾರದು, ಈ ಕೆಲಸಕ್ಕೆ ಮಾತ್ರೆ ಬೇಡವೇ ಬೇಡ. ಈ ಜಾತಿಯ ಔಷಧಿ ತಾಯಿಯ ಎದೆಬಡಿತ ಏರಿಸುತ್ತದೆ, ಸಕ್ಕರೆ ಏರಿಸುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ. ಸ್ಟೀರಾಯ್ಡ್ ಕೂಡ ಸಕ್ಕರೆ ಏರಿಸುವುದರಿಂದ ಗರ್ಭಿಣಿ ಸಕ್ಕರೆ ಕಾಯಿಲೆ ಇರುವವರಿಗೆ ಎರಡೂ ಸೇರಿ ಕಷ್ಟ. ಎಲ್ಲಕ್ಕಿಂತ ಭಯದ ಸಂಗತಿ ತಾಯಿಯ ಶ್ವಾಸಕೋಶದಲ್ಲಿ ನೀರು ತುಂಬುವುದು. ಅವಳಿ ಮಕ್ಕಳು, ಒಂದರ ಮೇಲೊಂದು ಡ್ರಿಪ್ ಬಾಟಲಿ, ಎರಡು ಮೂರು ಬಿಗಿತ ಇಳಿಸುವ ಔಷಧಿ, ಒಳಗೊಂದು ಸೋಂಕು ಇವು ಕೂಡಿದಾಗ ಅದು ಬರುತ್ತದೆ. ಉಸಿರು ಕಟ್ಟಿದಂತಾದರೆ, ಮಲಗಲು ಆಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಮಾತ್ರೆಯನ್ನು ನೀವಾಗಿ ನಿಲ್ಲಿಸುವುದೂ ಬೇಡ. ಇದು ಯಾಕೆ, ಎಷ್ಟು ದಿನ ಎಂದು ರೌಂಡ್ಸಿಗೆ ಬಂದ ಡಾಕ್ಟರನ್ನೇ ಕೇಳಿ, ಆ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ.

ಇಂಡೊಮೆಥಾಸಿನ್ ಸೇರಿಸುವ ಮಾತು ಬಂದರೆ ಎರಡು ಮಿತಿ ನೆನಪಿರಲಿ: 32 ವಾರದೊಳಗೆ, 48 ಗಂಟೆಯೊಳಗೆ. ಅದಕ್ಕೆ ಮೀರಿದರೆ ಮಗುವಿನ ಹೃದಯದ ಹತ್ತಿರ, ಹುಟ್ಟುವವರೆಗೆ ತೆರೆದಿರಬೇಕಾದ ರಕ್ತನಾಳ ಮುಂಚೆಯೇ ಮುಚ್ಚಿಕೊಳ್ಳಬಹುದು, ಗರ್ಭದ ನೀರೂ ಕಡಿಮೆಯಾಗಬಹುದು. ಅಟೊಸಿಬಾನ್ ತಾಯಿಗೆ ಹಗುರ, ಜೇಬಿಗೆ ಭಾರ. 2016ರಲ್ಲಿ ನಿಫೆಡಿಪಿನ್ ಜೊತೆ ಹೋಲಿಸಿ ನೋಡಿದಾಗ ಮಕ್ಕಳ ಸ್ಥಿತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ, ಹಾಗಾಗಿ ಅದು ಸಿಗಲಿಲ್ಲವೆಂದು ಕೊರಗಬೇಡಿ.

ಯಾವ ಔಷಧಿಯನ್ನೂ ಕೊಡಬಾರದ ಸಂದರ್ಭಗಳೂ ಇವೆ. ಗರ್ಭದೊಳಗೆ ಸೋಂಕು (ಜ್ವರ, ಕೆಟ್ಟ ವಾಸನೆಯ ಸ್ರಾವ), ಕಸ (ಪ್ಲಾಸೆಂಟಾ) ಮುಂಚೆಯೇ ಬೇರ್ಪಟ್ಟು ರಕ್ತಸ್ರಾವ, ಮಗುವಿನ ಎದೆಬಡಿತ ಕೆಟ್ಟಿರುವುದು, ತಾಯಿಗೆ ತೀವ್ರ ಬಿಪಿ. ಇಂಥಲ್ಲಿ ಹೆರಿಗೆ ತಡೆಯುವುದೇ ಅಪಾಯ. ಹೊಟ್ಟೆ ಗಟ್ಟಿಯಾದದ್ದೆಲ್ಲ ಹೆರಿಗೆ ನೋವೂ ಅಲ್ಲ. ಸ್ಕ್ಯಾನಿನಲ್ಲಿ ಗರ್ಭಕೊರಳಿನ ಉದ್ದ 30 ಮಿ.ಮೀ.ಗಿಂತ ಹೆಚ್ಚಿದ್ದರೆ ಸದ್ಯಕ್ಕೆ ಹೆರಿಗೆಯಾಗುವ ಸಾಧ್ಯತೆ ಕಡಿಮೆ, 15ಕ್ಕಿಂತ ಕಡಿಮೆಯಿದ್ದರೆ ಹೆಚ್ಚು. ಆ ಅಳತೆ ಕೇಳಿ ತಿಳಿದುಕೊಳ್ಳಿ, ಮೂತ್ರ ಪರೀಕ್ಷೆಯಲ್ಲಿ ಸೋಂಕು ಬಂದಿದೆಯೇ ಅದನ್ನೂ ಕೇಳಿ.

ಇನ್ನೊಂದು ಇಂದೇ ಆಗಬೇಕಾದ ಕೆಲಸ. ಅವರಿರುವ ಆಸ್ಪತ್ರೆಯಲ್ಲಿ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇಲ್ಲದಿದ್ದರೆ ಮಗು ಹೊಟ್ಟೆಯಲ್ಲಿರುವಾಗಲೇ ಇರುವ ಕಡೆಗೆ ಸಾಗಿಸುವುದು ಒಳ್ಳೆಯದು. ಹೊರಡುವಾಗ ಸ್ಟೀರಾಯ್ಡ್ ಎಷ್ಟನೆಯ ಡೋಸ್, ಎಷ್ಟು ಗಂಟೆಗೆ ಆಯಿತು, ನಿಫೆಡಿಪಿನ್ ಕೊನೆಯದಾಗಿ ಯಾವಾಗ ಕೊಟ್ಟರು, ಮೆಗ್ನೀಸಿಯಂ ಎಷ್ಟು ಹೋಗಿದೆ ಎಂಬುದನ್ನು ರೆಫರಲ್ ಚೀಟಿಯಲ್ಲಿ ಬರೆಸಿಕೊಳ್ಳಿ. ಅದಿಲ್ಲದಿದ್ದರೆ ಅಲ್ಲಿ ಎಲ್ಲವೂ ಮೊದಲಿನಿಂದ ಶುರುವಾಗಿ ಡೋಸ್ ಮೇಲೆ ಡೋಸ್ ಬೀಳುತ್ತದೆ.