ಮೂರು ತಿಂಗಳಿಗೆ ಕಳಿಸಿಬಿಡಬೇಕಾ?

ಪ್ರಶ್ನೆ: ನಮ್ಮ ಚರ್ಚ್ ಪಕ್ಕದಲ್ಲಿ 800 ಚದರಡಿಯ ಹಾಲ್ ಖಾಲಿ ಬಿದ್ದಿದೆ. ಬಸ್ ಸ್ಟ್ಯಾಂಡ್‌ನಲ್ಲಿ, ಅಂಗಡಿ ಜಗಲಿ ಮೇಲೆ ಮಲಗುವ ಗಂಡಸರಿಗೆ ಅಲ್ಲಿ ಜಾಗ ಕೊಡಬೇಕು, 40 ಚಾಪೆ ಹಾಕಬಹುದು ಅಂತ ನಮ್ಮ ಯುವಕರ ಆಸೆ. 'ಕೂರಿಸಿ ಊಟ ಹಾಕಿದರೆ ಸೋಮಾರಿಗಳಾಗ್ತಾರೆ, ಮೂರು ತಿಂಗಳಿಗೆ ಕಳಿಸಿಬಿಡಿ' ಅನ್ನುತ್ತಾರೆ ಹಿರಿಯರು. ಇವರು ತಮ್ಮ ಕಾಲ ಮೇಲೆ ನಿಲ್ಲುವ ಹಾಗೆ ಮಾಡುವುದು ಹೇಗೆ?
– ಓದುಗರು, ಚಿಕ್ಕಮಗಳೂರು

ಉತ್ತರ: ಮೊದಲು ಚಾಪೆ ಲೆಕ್ಕ ಸರಿ ಮಾಡಿಕೊಳ್ಳಿ. 2013ರಲ್ಲಿ ಶುರುವಾದ ಕೇಂದ್ರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಮನೆಯಿಲ್ಲದವರ ಆಶ್ರಯ ಕೇಂದ್ರಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಒಬ್ಬರಿಗೆ ಕನಿಷ್ಠ 50 ಚದರಡಿ ಬೇಕು ಅಂತಿತ್ತು. ಅಂದರೆ ನಿಮ್ಮ ಹಾಲ್‌ಗೆ 16 ಜನ, ಅಷ್ಟೇ. 40 ಜನರನ್ನು ತುಂಬಿದರೆ ಅದು ಇನ್ನೊಂದು ಬಸ್ ಸ್ಟ್ಯಾಂಡ್ ಆಗುತ್ತದೆ.

ಸುಮ್ನೆ ಶುರು ಮಾಡಬೇಡಿ, ನಗರಸಭೆಗೆ ಹೋಗಿ ಮಾನ್ಯತೆ ಕೇಳಿ. ಯಾಕೆ ಅಂದ್ರೆ ದಾಖಲೆ ಇಲ್ಲದವರಿಗೆ ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಬರೆದುಕೊಡುವ ಪತ್ರ ಆಧಾರ್‌ಗೆ ನಡೆಯುತ್ತದೆ. ಆಧಾರ್ ಆದರೆ ಜನಧನ್ ಖಾತೆ ಆಗುತ್ತದೆ, ಮಿನಿಮಮ್ ಬ್ಯಾಲೆನ್ಸ್ ಗೋಳಿಲ್ಲ. ಕೂಲಿ ದುಡ್ಡನ್ನು ಜೇಬಲ್ಲಿಟ್ಟುಕೊಂಡು ಜಗಲಿ ಮೇಲೆ ಮಲಗಿದರೆ ಬೆಳಗ್ಗೆ ಎಷ್ಟು ಉಳಿದಿರುತ್ತದೆ ಹೇಳಿ? ನಾವು ಸೋಮಾರಿ ಅನ್ನುವ ಎಷ್ಟೋ ಜನ ಹಗಲೆಲ್ಲ ಮೂಟೆ ಹೊತ್ತವರೇ.

ಕುಡಿತದ ವಿಷಯದಲ್ಲಿ ಹುಷಾರು. ದಿನಾ ಜಾಸ್ತಿ ಕುಡಿಯುವವರು ಒಂದೇ ಸಲಕ್ಕೆ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣಿಸುವುದು, ಹೀಗೆಲ್ಲ ಆಗಿ ಜೀವಕ್ಕೇ ಅಪಾಯ ಬರಬಹುದು. ಪ್ರಾರ್ಥನೆ ಮಾಡಿಸಿ ಬಿಡಿಸುತ್ತೇವೆ ಅಂತ ಹೊರಡಬೇಡಿ, ಮೊದಲು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಹಾಂ, ಪ್ರಾರ್ಥನೆಗೆ ಬಂದರಷ್ಟೇ ಊಟ ಅನ್ನುವ ಷರತ್ತು ಬೇಡವೇ ಬೇಡ.

ಇನ್ನು ಆ ಮೂರು ತಿಂಗಳ ಗಡುವು ನನಗಂತೂ ಒಪ್ಪಿಗೆಯಿಲ್ಲ. ನಿಮ್ಮ ಕಡೆ ಅರೇಬಿಕಾ ಕಾಫಿ ಕೊಯ್ಲು ಹೆಚ್ಚುಕಮ್ಮಿ ನವೆಂಬರ್‌ನಿಂದ ಜನವರಿ, ಆಮೇಲೆ ರೋಬಸ್ಟಾ. ಆಗ ತೋಟದವರೇ ಆಳು ಹುಡುಕಿಕೊಂಡು ಬರುತ್ತಾರೆ. ಡಿಸೆಂಬರ್‌ನಲ್ಲಿ ಬಂದವರನ್ನು ಮಾರ್ಚ್‌ಗೆ ಕಳಿಸಿದರೆ ಸರಿಯಾಗಿ ಕೊಯ್ಲಿನ ಕೆಲಸ ಮುಗಿಯುವ ಹೊತ್ತಿಗೇ ಬೀದಿಗೆ ಬಿಟ್ಟಂತೆ, ಅಲ್ವಾ? ಕೊಯ್ಲು ನಡೆಯುವಾಗಲೇ ವರ್ಷವಿಡೀ ಇರುವ ಕೆಲಸ ಹುಡುಕಿಡಿ: ಗಾರೆ ಕೆಲಸ, ಹೋಟೆಲ್ ಅಡುಗೆಮನೆ, ಪ್ಲಂಬರ್ ಜೊತೆ ಓಡಾಟ, ಏನಾದರೂ.

ಮೊದಲ ಬಟವಾಡೆ ಕೈಗೆ ಬಂದ ವಾರವೇ ಯಾರನ್ನೂ ಹೊರಡಿಸಬೇಡಿ. ಒಂದು ರೂಮಿನ ಅಡ್ವಾನ್ಸ್ ಮತ್ತು ತಿಂಗಳ ಬಾಡಿಗೆ ಖಾತೆಯಲ್ಲಿ ಸೇರುವ ತನಕ ಇರಲಿ. ದುಡಿಮೆ ಶುರುವಾದ ಮೇಲೆ ಊಟಕ್ಕೆ ಅಂತ ಸ್ವಲ್ಪ ದುಡ್ಡು ತೆಗೆದುಕೊಳ್ಳಿ, ಹಿರಿಯರಿಗೂ ಸಮಾಧಾನ. ಬಾಡಿಗೆ ಮನೆ ಮಾಲೀಕರ ಹತ್ತಿರ ಹೋಗಿ 'ಇವರು ನಮಗೆ ಗೊತ್ತು' ಅಂತ ಹೇಳುವ ಕೆಲಸವನ್ನೂ ಆ ಹಿರಿಯರಿಗೇ ವಹಿಸಿ. ಒಂಟಿ ಗಂಡಸಿಗೆ ರೂಮ್ ಸಿಗುವುದು ಕಷ್ಟ, ಅವರ ಮಾತು ಅಲ್ಲಿ ನಡೆಯುತ್ತದೆ.