ಗೊಣ್ಣೆಹುಳು ಮೇಲೆಯೇ ಇದ್ದರೆ ಮೊದಲು ಮಣ್ಣು ನೋಡಿ

ಪ್ರಶ್ನೆ: ಕೊಂಬಿನ ದುಂಬಿ ಸಾಕೋಣ ಅಂತ ಮೂರು ಗೊಣ್ಣೆಹುಳು ತಂದಿದ್ದೇನೆ. ಕೋಕೋಪೀಟ್‌ಗೆ ಹೊಸ ಮರದ ಪುಡಿ ಬೆರೆಸಿ ಡಬ್ಬಿ ತುಂಬಿದೆ. ಎರಡು ದಿನವಾದರೂ ಹುಳುಗಳು ಒಳಗೆ ಇಳಿಯುತ್ತಿಲ್ಲ. ಯಾವ ಮಣ್ಣು ಹಾಕಬೇಕು?

ಉತ್ತರ: ಹುಳು ಮೇಲೆ ಬಂದು ಕೂತಿದೆ ಅಂದರೆ ಕೆಳಗೆ ಏನೋ ಸರಿಯಿಲ್ಲ. ಬೇಗ ಬದಲಿಸಿ. ಆ ಮಣ್ಣು ಬರೀ ಹಾಸಿಗೆಯಲ್ಲ, ಅವುಗಳ ಊಟವೇ ಅದು, ಅಲ್ವಾ? ಕೋಕೋಪೀಟ್ ತೇವ ಹಿಡಿಯುತ್ತದೆ, ಹೊಟ್ಟೆ ತುಂಬಿಸುವುದಿಲ್ಲ. ಹೊಸ ಮರದ ಪುಡಿಯೂ ಅರಗುವುದಿಲ್ಲ. ಮೊದಲು ಶಿಲೀಂಧ್ರ, ಬ್ಯಾಕ್ಟೀರಿಯಾ ಸೇರಿ ಮರವನ್ನು ಕೊಳೆಸಬೇಕು, ಆಮೇಲೆ ಹುಳುವಿನ ಸರದಿ.

ಸದ್ಯಕ್ಕೆ ಕಪ್ಪಾಗಿ ಕೊಳೆತ ಎಲೆ, ಜೊತೆಗೆ ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಬಿಳಿಚಿದ ಕೊಳೆತ ಮರ ಹಾಕಿ. ಪೈನ್, ದೇವದಾರು ಥರದ ರಾಳ ಇರುವ ಮರ ಬೇಡವೇ ಬೇಡ. ಔಷಧಿ ಹೊಡೆದ ತೋಟದ ಎಲೆಯೂ ಬೇಡ. ತಂದದ್ದನ್ನು ಎರಡು ಮೂರು ದಿನ ಫ್ರೀಜರ್‌ನಲ್ಲಿಟ್ಟರೆ ಒಳಗೆ ಅಡಗಿರುವ ಜರಿ, ನುಸಿಗಳ ಕಾಟ ಕಡಿಮೆ.

ಮುಂದಕ್ಕೆ ಫ್ಲೇಕ್ ಸಾಯಿಲ್, ಅಂದರೆ ಹುಳಿಸಿದ ಮರದ ಪುಡಿ, ಮಾಡಿಟ್ಟುಕೊಳ್ಳಿ. ಗಟ್ಟಿಮರದ ಪುಡಿ ಹತ್ತು ಪಾಲಿಗೆ ಗೋಧಿ ಬೂಸಾ ಒಂದು ಪಾಲು, ನೀರು ಚಿಮುಕಿಸಿ ಕಲಸಿ, ಎರಡು ದಿನಕ್ಕೊಮ್ಮೆ ತಿರುವಿ ಹಾಕುತ್ತಿರಿ. ಹುಳಿಯುವಾಗ ಕೈ ಸುಡುವಷ್ಟು ಬಿಸಿಯಾಗಬಹುದು, ಘಾಟು ವಾಸನೆಯೂ ಬರುತ್ತದೆ. ಹೆದರಬೇಡಿ, ಆದರೆ ಆಗ ಮಾತ್ರ ಹುಳು ಬಿಡಬೇಡಿ. ನಾನು ಒಮ್ಮೆ ಅವಸರ ಮಾಡಿ ಬೆಳೆದ ಹುಳುವನ್ನೇ ಕಳೆದುಕೊಂಡೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಒಂದೆರಡು ತಿಂಗಳಾದರೂ ಬೇಕು. ಬಿಸಿ ಪೂರ್ತಿ ಆರಿ, ಬಣ್ಣ ಗಾಢ ಕಂದಾಗಿ, ಮಳೆ ಬಿದ್ದ ಕಾಡಿನ ನೆಲದ ವಾಸನೆ ಬಂದರೆ ಸಿದ್ಧವಾಯಿತು.

ತೇವಕ್ಕೆ ಒಂದೇ ಪರೀಕ್ಷೆ: ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು.

ಮಣ್ಣಿಗಿಂತ ಹಿಕ್ಕೆಯೇ ಜಾಸ್ತಿಯಾದಾಗ ಬದಲಿಸಿ, ಆದರೆ ಹಳೆಯದನ್ನು ಮೂರರಲ್ಲಿ ಒಂದು ಪಾಲು ಉಳಿಸಿ ಬೆರೆಸಿ. ಅರಗಿಸಲು ನೆರವಾಗುವ ಸೂಕ್ಷ್ಮಜೀವಿಗಳು ಅದರಲ್ಲಿರುತ್ತವೆ. ಹುಳು ಹಳದಿಯಾಗಿ, ಮೈ ಸುಕ್ಕುಗಟ್ಟಿ ಗೂಡು ಕಟ್ಟಲು ಶುರು ಮಾಡಿದರೆ ಮಾತ್ರ ಸುಮ್ನೆ ಕೆದಕಲು ಹೋಗಬೇಡಿ, ಗೂಡು ಒಡೆದರೆ ದುಂಬಿ ಸೊಟ್ಟಗಾಗಿ ಹುಟ್ಟಬಹುದು.

ಈಗ ಹೊಸ ಮಣ್ಣಿನ ಮೇಲೆ ಮೊದಲು ಒಂದೇ ಹುಳು ಬಿಟ್ಟು ನೋಡಿ. ಅದು ಇಳಿದು ಮರುದಿನವೂ ಒಳಗೇ ಇದ್ದರೆ ಉಳಿದೆರಡನ್ನೂ ಬಿಡಿ.